ಬೋನಾಳ ಕೆರೆಯ ಜಾಲಿಗೂಟ

"ಗೂಟ ಎಲ್ಲಿಟ್ಟೀದಿ, ಹೇಳ್."

"ಒಲ್ಯಾಗ."

"ಚ್ಯಾಷ್ಟಿ ಬ್ಯಾಡ. ಹೊತ್ತು ಹೊಂಡಾಕತ್ತದ. ಗೂಟ ಎಲ್ಲವ?"

"ಒಲ್ಯಾಗ ಅಂತ ಒಂದ್ ಸಲ ಹೇಳಿದ್ರ ತಿಳ್ಯಂಗಿಲ್ಲೇನು? ಬೂದಿ ಕೆದರಿ ನೋಡು, ಒಂದು ಇನ್ನಾ ಕೆಂಡ ಅದ. ಅದರ ಮ್ಯಾಲೇ ನಿನ್ನ ಜಳಕದ ನೀರು ಕಾಯಾಕತ್ತಾವ."

ಹುಲಗಪ್ಪ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೂದಿ ಕೆದರಿದ. ಗೂಟದ ಚೂಪು ತುದಿಯೊಂದು ಕೆಂಪಗೆ ಹೊಳೆಯಿತು, ಮುಟ್ಟುವುದರೊಳಗೆ ಪುಡಿಯಾಯಿತು.

"ನಮ್ಮಪ್ಪ ಕೆತ್ತಿದ ಗೂಟ ಅವು, ಹಲಕಟ್ ಹೆಂಗಸ."

"ಅದಕ್ಕೇ ಛಲೋ ಉರದ್ವು. ನಿಮ್ಮಪ್ಪನ ಕಾಲದಾಗ ಒಣಗಿದ ಜಾಲಿ."

ಅವನು ಕೈ ಎತ್ತಿದ. ಅಯ್ಯಮ್ಮ ಒಲೆಯಿಂದ ಉರಿಯುವ ಕಟ್ಟಿಗೆ ಎಳೆದು ಎತ್ತಿದಳು. ಸ್ವಲ್ಪ ಹೊತ್ತು ಹಾಗೇ ನಿಂತು ಇಬ್ಬರೂ ಇಳಿಸಿದರು. ಆ ಮನೆಯಲ್ಲಿ ಜಗಳ ಹೀಗೇ ನಡೆಯುತ್ತಿತ್ತು. ಎತ್ತುವುದು ಇಬ್ಬರದೂ ಜೋರು, ಹೊಡೆಯುವುದು ಮಾತ್ರ ಬಾಯಿಂದಲೇ.

ಆ ಗೂಟಗಳ ವಿಷಯ ಹೇಳಬೇಕು. ಬೋನಾಳ ಕೆರೆಯ ಕಾವಲು ಹುಲಗಪ್ಪನ ಮನೆತನದ್ದು. ಜಾಗೀರು ಇದ್ದ ಕಾಲದಲ್ಲಿ ಚಳಿ ಬಿತ್ತೆಂದರೆ ಕೆರೆ ತುಂಬ ಹಕ್ಕಿ, ದಂಡೆ ತುಂಬ ಶಿಕಾರಿಯವರು. ಗುಲಬರ್ಗಾದಿಂದ, ಹೈದರಾಬಾದಿನಿಂದ ದೊಡ್ಡ ದೊಡ್ಡ ಹುದ್ದೆಯ ಸಾಹೇಬರು ಬರುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನರಿಗೆ ಬಂದೂಕು ಹಿಡಿಯುವುದು ಗೊತ್ತಿತ್ತು, ಗುರಿ ಇಡುವುದು ಗೊತ್ತಿರಲಿಲ್ಲ. ಅತಿಥಿ ಬರಿಗೈಯಲ್ಲಿ ಹೋದರೆ ಜಾಗೀರದಾರರಿಗೆ ಅವಮಾನ. ಹಾಗಾಗಿ ಹುಲಗಪ್ಪನ ಅಪ್ಪ ಹಿಂದಿನ ಸಂಜೆಯೇ ಕುದುರೆ ಬಾಲದ ಕೂದಲಿನ ಉರುಳು ಹಾಕಿ ಹಕ್ಕಿ ಹಿಡಿಯುತ್ತಿದ್ದ. ಬೆಳಗ್ಗೆ ಶಿಕಾರಿ ಕಟ್ಟೆಯ ಮುಂದೆ, ನೀರು ಮೊಣಕಾಲುದ್ದ ಇರುವ ಕಡೆ, ಕೆಸರಿನಲ್ಲಿ ಜಾಲಿಗೂಟ ಹೊಡೆದು, ಪುಂಡಿನಾರಿನ ಹುರಿಯಿಂದ ಹಕ್ಕಿಯ ಕಾಲು ಕಟ್ಟಿ ಬಿಡುತ್ತಿದ್ದ. ಗೂಟ ನೀರಿನೊಳಗೆ, ಹುರಿ ನೀರಿನೊಳಗೆ, ಹಕ್ಕಿ ಮಾತ್ರ ಮೇಲೆ. ಸಾಹೇಬರು ಕಟ್ಟೆಯ ಮೇಲೆ ಕೂತು ಹೊಡೆಯುತ್ತಿದ್ದರು. ಒಂದು ಗುಂಡು ತಪ್ಪಿದರೂ ಹಕ್ಕಿ ಎಲ್ಲಿ ಹೋದೀತು, ಇನ್ನೊಂದು ಹೊಡೆಯಬಹುದು. ಅಪ್ಪ ಸತ್ತ ಮೇಲೆ ಹುಲಗಪ್ಪ ಕಟ್ಟಿದ. ಕಟ್ಟಿದ್ದನ್ನು ಯಾರಿಗೂ ಹೇಳುವಂತಿಲ್ಲ, ಅದೂ ಕಾವಲಿನದೇ ಒಂದು ಕೆಲಸ.

ಈಗ ನಿಜಾಮನ ರಾಜ್ಯ ಹೋಗಿತ್ತು, ಜಾಗೀರೂ ಹೋಗಿತ್ತು. ಕೆರೆ ಸರಕಾರದ್ದಾಗಿತ್ತು. ಕಾವಲು ಯಾರದು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಹುಲಗಪ್ಪ ಇಲ್ಲಿಯವರೆಗೂ ಉರ್ದು ಅಕ್ಷರದ ಹಿತ್ತಾಳೆ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು ದಂಡೆ ಸುತ್ತುತ್ತಿದ್ದ. ಊರಿನವರು ನಗುತ್ತಿದ್ದರು. ಸುರಪುರಕ್ಕೆ ಹೊಸದಾಗಿ ಬಂದ ತಹಸೀಲ್ದಾರ ಪಂಪಣ್ಣನವರು ಇವತ್ತು ಕೆರೆಗೆ ಬರುವವರಿದ್ದರು. ಅವರು ಹೂಂ ಎಂದರೆ ಹುಲಗಪ್ಪ ಸರಕಾರಿ ಕಾವಲುಗಾರ. ದಂಡೆಯ ಕೆಳಗಿನ ಈ ಮನೆ ಕಾವಲಿನ ಮನೆ, ಅದು ಉಳಿಯುತ್ತದೆ. ಕೆರೆಯ ಆಪುಹುಲ್ಲು ಕೊಯ್ದು ಚಾಪೆ ಹೆಣೆಯುವ ಅಯ್ಯಮ್ಮನ ಹಕ್ಕು ಕಾವಲಿನ ಜೊತೆಗೇ ಬಂದದ್ದು, ಅದೂ ಉಳಿಯುತ್ತದೆ. ಇಲ್ಲವೆಂದರೆ ಗಂಟುಮೂಟೆ ಕಟ್ಟಿಕೊಂಡು ಸಗರಕ್ಕೆ, ಅವಳ ಅಣ್ಣ ಬಸವಂತ್ರಾಯನ ಮನೆಗೆ. ಅಣ್ಣ ಒಳ್ಳೆಯವನೇ. ಅಣ್ಣನ ಹೆಂಡತಿ ಮಾತ್ರ ಅಯ್ಯಮ್ಮನ ತಟ್ಟೆಗೆ ಬೀಳುವ ರೊಟ್ಟಿಯನ್ನು ಕಣ್ಣಿನಲ್ಲೇ ಅಳೆಯುವಂಥವಳು. ಅಲ್ಲಿಗೆ ಹೋಗುವುದಕ್ಕಿಂತ ಕೆರೆಗೆ ಬೀಳುವುದು ವಾಸಿ ಎಂದು ಅಯ್ಯಮ್ಮ ಎಷ್ಟೋ ಸಲ ಅಂದಿದ್ದಳು.

ಅದಕ್ಕೇ ಅವಳು ಗೂಟ ಸುಟ್ಟದ್ದು. ತಹಸೀಲ ಕಚೇರಿಯ ಜವಾನ ಮೈನುದ್ದೀನ ಸಂತೆಯಲ್ಲಿ ಸಿಕ್ಕು ಹೇಳಿದ್ದ: "ಈ ಸಾಹೇಬ ಬ್ಯಾರೇ ಥರಾ ಇದ್ದಾನವಾ. ಬಂದೂಕ ಇಲ್ಲ, ಬರೇ ದುರ್ಬೀನು. ಹಕ್ಕಿ ನೋಡ್ತಾನ, ಅಷ್ಟೇ. ಶಹಾಪುರದಾಗ ಒಬ್ಬಾವ ಬುಟ್ಟಿ ತುಂಬ ಬಾತು ನಜರಾನಾ ತಂದಿದ್ದ. ಅವನ ಕೈಲೇ ಬುಟ್ಟಿ ಹೊರಿಸಿ ವಾಪಸ್ ಕೆರಿಗಿ ಕಳಿಸಿದ, ಬಿಟ್ಟು ಬಾ ಅಂತ."

ಒಲೆಯ ಮುಂದೆ ಅಯ್ಯಮ್ಮ ಇದನ್ನು ಮತ್ತೊಮ್ಮೆ ಗಂಡನಿಗೆ ಹೇಳಿದಳು. ಗಂಡ ನಂಬಲಿಲ್ಲ.

"ಬಂದೂಕ ಇಲ್ದ ಕೆರಿಗಿ ಬರೋ ಸಾಹೇಬ ಎಲ್ಲ್ಯರ ಇದ್ದಾನೇನಲೇ? ಇವತ್ತ ನೋಡ್ತಾನ, ನಾಳಿ ಬಂದೂಕ ತರ್ತಾನ. ಮತ್ತ ನೋಡಾವಗೂ ಹಕ್ಕಿ ಕಾಣಬೇಕೋ ಬ್ಯಾಡೋ? ಕಾಣದಿದ್ರ ಕಾವಲು ಯಾವಂಗ ಕೊಡ್ತಾನ? ಸೌಟುಹಕ್ಕಿ ನೋಡಬೇಕು ಅಂದಾನಂತ. ಅವು ಆಚಿ ದಂಡಿಗಿ ಇರ್ತಾವ, ಮನಶ್ಯಾನ್ನ ಕಂಡ್ರ ಹಾರ್ತಾವ. ನಾ ಏನು ಹಾರೋದು ತೋರಿಸ್ಲೇನು?"

"ಹಾರ್ಲಿ. ಹಾರಿದ್ರೂ ನೋಡಿದಂಗೇ ಅಲ್ಲ? ಕಟ್ಟಬ್ಯಾಡ. ಹಕ್ಕಿ ಹಿಡದೀದಿ ಏನು?"

"ಇಲ್ಲ."

"ಕಟ್ಟಂಗಿಲ್ಲ ಅಂತ ಮೌನಪ್ಪ ದೇವರ ಆಣಿ ಮಾಡು."

"ಆಣಿ ಯಾಕ? ಕಟ್ಟಂಗಿಲ್ಲ ಅಂತ ಬಾಯಿಲೇ ಹೇಳಾಕತ್ತೀನಲ್ಲ."

ಜಳಕ ಕೂಡ ಮಾಡದೆ, ರುಮಾಲು ಸುತ್ತಿಕೊಂಡು, ಬಿಲ್ಲೆ ಸಿಕ್ಕಿಸಿಕೊಂಡು ಹೋದ. ಅವನು ಆಣೆ ಮಾಡಲಿಲ್ಲವೆಂಬುದು ಅಯ್ಯಮ್ಮನಿಗೆ ರೊಟ್ಟಿ ಬಡಿಯುವಾಗ ಹೊಳೆಯಿತು. ಆಗ ಹಿಟ್ಟಿನ ಕೈ, ಎದ್ದು ಓಡುವಂತಿರಲಿಲ್ಲ. ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ ಬುಟ್ಟಿಯಲ್ಲಿಟ್ಟು, ಆಪು ಕೊಯ್ಯುವ ಕುಡುಗೋಲನ್ನು ಅಭ್ಯಾಸದಂತೆ ಸೊಂಟಕ್ಕೆ ಸಿಕ್ಕಿಸಿ, ದಂಡೆ ಹತ್ತಿದಳು.

ಪಂಪಣ್ಣನವರು ಜೀಪನ್ನು ದೂರದಲ್ಲೇ ನಿಲ್ಲಿಸಿ ನಡೆದು ಬಂದಿದ್ದರು. ಸಣಕಲು ಮೈ, ಖಾದಿ ಅಂಗಿ, ಮಂಡಿಯವರೆಗೆ ಮಡಚಿದ ಪ್ಯಾಂಟು. ಕೊರಳಲ್ಲಿ ದುರ್ಬೀನು. ರಾಯಚೂರು ಕಡೆಯ ಮಾತು. ಹಿಂದೆ ಮೈನುದ್ದೀನ, ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಸಾಹೇಬರ ಬೂಟು.

ನೀರು ಇಳಿದು ಕೆರೆಯ ಮೇಲ್ಭಾಗವೆಲ್ಲ ಜವುಗಾಗಿತ್ತು. ಆಪಿನ ನಡುವೆ ನೀಲಿ ಜಂಬುಕೋಳಿಗಳು ಕೆಂಪು ಕಾಲೆತ್ತಿ ಎತ್ತಿ ಇಟ್ಟು, ಕೆಸರು ತಾಗಿದರೆ ಎಲ್ಲಿ ಮೈಲಿಗೆಯಾದೀತೋ ಎಂಬಂತೆ ನಡೆಯುತ್ತಿದ್ದವು. ತಾವರೆ ಎಲೆಯ ಮೇಲೆ ಉದ್ದ ಬೆರಳಿನ ಸಣ್ಣ ಹಕ್ಕಿಯೊಂದು ಓಡಾಡುತ್ತಿತ್ತು. ನೀರುಕಾಗೆಗಳು ಮುಳುಗಿದ ಜಾಲಿಗಿಡದ ಮೇಲೆ ರೆಕ್ಕೆ ಒಣಹಾಕಿದ್ದವು. ಅಯ್ಯಮ್ಮ ದಿನಾ ನೋಡುವುದೇ. ದಿನಾ ನೋಡುವುದನ್ನು ಒಬ್ಬ ಹುದ್ದೆಯ ಮನುಷ್ಯ ಬಾಯಿ ತೆರೆದು ನೋಡುತ್ತಿರುವುದನ್ನು ನೋಡಿ ಅವಳಿಗೂ ಮತ್ತೊಮ್ಮೆ ನೋಡಬೇಕೆನ್ನಿಸಿತು.

"ಅಗೋ ಸಾಹೇಬ, ನೀರುಕಾಗಿ," ಎಂದು ಹುಲಗಪ್ಪ ಕೂಗಿದ. ನೀರುಕಾಗೆಗಳೆಲ್ಲ ಎದ್ದು ಹೋದವು. ಶಿಕಾರಿಯಲ್ಲಿ ಕೂಗಿ ಎಬ್ಬಿಸುವುದೇ ಅವನ ಕೆಲಸವಾಗಿತ್ತು.

"ಹುಲಗಪ್ಪ, ಸಣ್ಣ ದನಿಲೆ ಮಾತಾಡಪಾ."

"ಹೌದ್ರಿ." ಆಮೇಲೆ ಅವನು ಪಿಸುಗುಟ್ಟತೊಡಗಿದ. ಅವನ ಪಿಸುಮಾತು ಆಚೆ ದಂಡೆಗೂ ಕೇಳುವಂತಿತ್ತು. ಮೈನುದ್ದೀನ ಅಯ್ಯಮ್ಮನ ಕಡೆ ತಿರುಗಿ, "ನಿನ್ನ ಗಂಡ ಗುಟ್ಟು ಹೇಳಿದ್ರ ಸುರಪುರ ದಾಟಿ ರಂಗಂಪ್ಯಾಟಿಗಿ ಕೇಳ್ತದ ನೋಡು," ಎಂದ.

ಪಂಪಣ್ಣನವರು ಜವುಗಿನ ಕಡೆ ಹೋಗೋಣವೆಂದರು. ಹುಲಗಪ್ಪ ಅಲ್ಲಿ ಹಾವು ಅದಾವ ಎಂದ. ಹಾಗಾದರೆ ತೂಬಿನ ಕಡೆ ಎಂದರು. ಅಲ್ಲಿ ಕಾಲು ಹೂತು ಹೋಗ್ತದ ಎಂದ. ಎಲ್ಲಿಗೆ ಹೊರಟರೂ ಅವನು ತಿರುಗಿಸಿ ತಿರುಗಿಸಿ ಶಿಕಾರಿ ಕಟ್ಟೆಯ ಕಡೆಗೇ ನಡೆಸಿಕೊಂಡು ಹೊರಟ. ಅಯ್ಯಮ್ಮ ಬುಟ್ಟಿ ಸೊಂಟಕ್ಕೇರಿಸಿ ಹೆಜ್ಜೆ ಬಿರುಸು ಮಾಡಿದಳು. ಹತ್ತಿರ ಹೋಗಿ, "ಖರೇ ಹೇಳು, ಏನ್ ಮಾಡಿ ಬಂದೀದಿ?" ಎಂದು ಹಲ್ಲು ಕಚ್ಚಿ ಕೇಳಿದಳು. ಅವನು ಅವಳ ಕಡೆ ನೋಡದೆ, "ಬುಟ್ಟಿ ಸರಿಯಾಗಿ ಹಿಡಿ, ರೊಟ್ಟಿ ಬಿದ್ದಾವು," ಎಂದ.

ಕಟ್ಟೆ ಹತ್ತಿದರು. ಮುಂದೆ, ಕಲ್ಲೆಸೆತದ ದೂರದಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಒಂಟಿ ಸೌಟುಹಕ್ಕಿ ನಿಂತಿತ್ತು. ಬಿಳಿ ಮೈ, ಕರಿ ಕಾಲು. ತುದಿಯಲ್ಲಿ ಸೌಟಿನಂತೆ ಚಪ್ಪಟೆಯಾದ ಉದ್ದ ಕೊಕ್ಕು.

ಪಂಪಣ್ಣನವರು ಹಾಗೇ ಕೂತುಬಿಟ್ಟರು. "ಸಣ್ಣಾವ ಇದ್ದಾಗ ಹೊಳಿ ದಂಡಿಗಿ ನೋಡಿದ್ದೆ. ಆಮ್ಯಾಲ ಇವತ್ತೇ," ಎಂದರು. ಹುಲಗಪ್ಪನ ಎದೆ ಬಿಲ್ಲೆಯ ಸಮೇತ ಮುಂದಕ್ಕೆ ಬಂತು. ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ.

"ತಾಯೀ, ನೀನೂ ನೋಡು," ಎಂದು ಪಂಪಣ್ಣನವರು ದುರ್ಬೀನನ್ನು ಅಯ್ಯಮ್ಮನಿಗೆ ಕೊಟ್ಟರು. ಹೇಗೆ ಹಿಡಿಯುವುದೆಂದು ಮೈನುದ್ದೀನ ತೋರಿಸಿದ. ಮೊದಲು ಬರೀ ನೀರು ಕಂಡಿತು. ಆಮೇಲೆ ಹಕ್ಕಿ ಒಮ್ಮೆಲೇ ಮೂಗಿನ ಮುಂದೆ ಬಂದು ನಿಂತಿತು. ಅವಳು ಹಿಂದಕ್ಕೆ ಸರಿದಳು. ಹಕ್ಕಿಯ ಕಣ್ಣು ಕಂಡಿತು. ಅದು ತುಸು ತುಸು ಹೊತ್ತಿಗೆ ಒಂದೇ ಕಾಲನ್ನು ಎತ್ತಲು ನೋಡುತ್ತಿತ್ತು. ಕಾಲು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಅಲ್ಲಿ ನೀರು ಸುತ್ತಿ ಸುತ್ತಿ ಉಂಗುರವಾಗುತ್ತಿತ್ತು.

ಹುರಿ ಹೊಸೆದವಳು ಅವಳೇ. ನೀರಿನೊಳಗೆ ಅದು ಎಷ್ಟುದ್ದ ಇದೆಯೆಂದು ಕಣ್ಣಿಗೆ ಕಾಣಬೇಕಾಗಿರಲಿಲ್ಲ.

"ಹೆಂಗದ?" ಎಂದರು ಪಂಪಣ್ಣನವರು.

ಮನೆ ನೆನಪಾಯಿತು, ಸಗರ ನೆನಪಾಯಿತು. "ಛಲೋ ಅದರಿ," ಎಂದು ದುರ್ಬೀನು ವಾಪಸು ಕೊಟ್ಟಳು.

ಶಿಕಾರಿಯಾಗಿದ್ದರೆ ಕೆಲಸ ಇಷ್ಟಕ್ಕೇ ಮುಗಿಯುತ್ತಿತ್ತು. ಕೂತರು, ಹೊಡೆದರು, ಎದ್ದರು. ಹುಲಗಪ್ಪನಿಗೆ ಗೊತ್ತಿದ್ದದ್ದು ಅದೇ. ನೋಡಲು ಬಂದವನು ಏಳುವುದೇ ಇಲ್ಲವೆಂಬುದು ಅವನಿಗೆ ಗೊತ್ತಿರಲಿಲ್ಲ. ಪಂಪಣ್ಣನವರು ಕಾಲು ಮಡಚಿ ಸರಿಯಾಗಿ ಕೂತರು. ಆ ಹಕ್ಕಿ ಮೇಯುವುದನ್ನು ನೋಡಬೇಕಂತೆ. ಕೊಕ್ಕನ್ನು ನೀರಿನಲ್ಲಿಟ್ಟು, ಅಂಬಲಿ ತಿರುವಿದ ಹಾಗೆ ಅತ್ತ ಇತ್ತ ಆಡಿಸುತ್ತ ನಡೆಯುತ್ತದಂತೆ. ಅದನ್ನು ನೋಡದೆ ಹೋಗುವುದಿಲ್ಲವೆಂದರು.

ಬಿಸಿಲು ಏರಿತು. ಹಕ್ಕಿ ನಿಂತೇ ಇತ್ತು.

"ಯಾಕ ಮೇಯವಲ್ಲದು?"

"ಹೊಟ್ಟಿ ತುಂಬೈತ್ರಿ ಅದಕ್ಕ."

ಇನ್ನಷ್ಟು ಹೊತ್ತು ಕಳೆಯಿತು.

"ಜಾಗಾ ಬಿಟ್ಟು ಕದಲವಲ್ದಲ್ಲ?"

"ನಿದ್ದಿ ಹತ್ತೈತ್ರಿ."

"ಕಣ್ಣು ತೆರದೈತಿ."

"ಕಣ್ಣು ತೆರದೇ ನಿದ್ದಿ ಮಾಡ್ತಾವ್ರಿ ಇಲ್ಲಿ ಹಕ್ಕಿ."

ಮೈನುದ್ದೀನ ಮುಖ ಆಚೆ ತಿರುಗಿಸಿ ಕೆಮ್ಮಿದ. ಪಂಪಣ್ಣನವರು ನಗಲಿಲ್ಲ. ದುರ್ಬೀನನ್ನು ಆಚೆ ದಂಡೆಗೆ ತಿರುಗಿಸಿದರು. ಅಲ್ಲಿ ಸೌಟುಹಕ್ಕಿಗಳ ಸಾಲೊಂದು ನೀರು ಕಲಕುತ್ತ, ಕೊಕ್ಕು ಆಡಿಸುತ್ತ ಒಂದೇ ಸಮನೆ ನಡೆಯುತ್ತಿತ್ತು. ಅವನ್ನು ನೋಡಿದರು. ಮತ್ತೆ ಇದನ್ನು ನೋಡಿದರು. "ಸಾಹೇಬ, ರೊಟ್ಟಿ ತಿನ್ರಿ, ಆರ್ತಾವ," ಎಂದ ಹುಲಗಪ್ಪ. ಅವನ ಹಣೆಯಲ್ಲಿ ಬೆವರಿತ್ತು.

ಆಗ ಗಿಡುಗ ಬಂತು. ಆಪಿನ ಮೇಲೆ ತಗ್ಗಿನಲ್ಲಿ ತೇಲುತ್ತ ಬಂತು. ಕೆರೆಗೆ ಕೆರೆಯೇ ಎದ್ದಿತು. ಬಾತು, ಕೊಕ್ಕರೆ, ಟಿಟ್ಟಿಭ ಎಲ್ಲ ಒಟ್ಟಿಗೆ ಹಾರಿ ಆಕಾಶ ಕಪ್ಪಾಯಿತು. ಕಟ್ಟೆಯ ಮುಂದಿನ ಸೌಟುಹಕ್ಕಿಯೂ ಹಾರಿತು. ಒಂದು ಮಾರು ಮೇಲೇರಿ, ಯಾರೋ ಕೆಳಗಿನಿಂದ ಜಗ್ಗಿದಂತೆ, ಮುಖ ಅಡಿಯಾಗಿ ನೀರಿಗೆ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ರೆಕ್ಕೆ ತೋಯ್ದು ಭಾರವಾದವು. ಗಿಡುಗ ಹೋಗುತ್ತಿದ್ದದ್ದು ಇದನ್ನು ಕಂಡು ತಿರುಗಿತು.

ಪಂಪಣ್ಣನವರು ಎದ್ದು ನಿಂತರು. ಹುಲಗಪ್ಪ ಕಲ್ಲು ಹುಡುಕುತ್ತಿದ್ದ. ಅಯ್ಯಮ್ಮ ಏನನ್ನೂ ಯೋಚಿಸಲಿಲ್ಲ. ಯೋಚಿಸಿದ್ದರೆ ಕೂತಿರುತ್ತಿದ್ದಳು. ಸೀರೆ ಕಚ್ಚೆ ಹಾಕಿ ಕಟ್ಟೆಯಿಂದ ಧುಮುಕಿ, ಕೆಸರು ತುಳಿಯುತ್ತ ಹೋದಳು. ಗಿಡುಗಕ್ಕೆ ನೀರು ಎರಚಿ ಬೈದಳು. ಹಕ್ಕಿಯ ರೆಕ್ಕೆ ಕೂಡಿಸಿ ಕಂಕುಳಲ್ಲಿ ಒತ್ತಿ ಹಿಡಿದು, ಕುಡುಗೋಲಿನಿಂದ ಹುರಿ ಕೊಯ್ದಳು. ಹುರಿ ತಾಗಿ ತಾಗಿ ಕಾಲು ಕೆಂಪಾಗಿತ್ತು. ಬಿಟ್ಟಳು. ಅದು ಹಾರಲಿಲ್ಲ, ಕುಂಟುತ್ತ ಆಪಿನೊಳಗೆ ಹೋಯಿತು. ಆಮೇಲೆ ಅವಳು ಬಗ್ಗಿ ಗೂಟವನ್ನೂ ಕಿತ್ತಳು. ಅದನ್ನು ಯಾಕೆ ಕಿತ್ತಳೋ ಅವಳಿಗೇ ಗೊತ್ತಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಕಟ್ಟೆಗೆ ಬಂದಳು. ಹಸಿ ಜಾಲಿ. ಬೆಳಗ್ಗೆಯೇ ಕೆತ್ತಿದ್ದು, ತೊಗಟೆ ಕೂಡ ಪೂರ್ತಿ ತೆಗೆದಿರಲಿಲ್ಲ.

ಪಂಪಣ್ಣನವರು ಗೂಟ ಇಸಿದುಕೊಂಡು ನೋಡಿದರು.

"ಯಾರು ಕಟ್ಟಿದ್ದು?"

"ನಾನೇ ಕಟ್ಟೀನ್ರಿ," ಎಂದ ಹುಲಗಪ್ಪ. ಅವನು ಸುಳ್ಳು ಹೇಳಲಿಲ್ಲ. ಅದರಲ್ಲಿ ಮುಚ್ಚಿಡುವಂಥದ್ದೇನೂ ಅವನಿಗೆ ಈಗ ಕಾಣಲಿಲ್ಲ. "ನೀವು ನೋಡಬೇಕು ಅಂದ್ರಿ. ತೋರ್ಸೀನಿ. ನಮ್ಮಪ್ಪ ಕಟ್ತಿದ್ದ, ಅವರಪ್ಪ ಕಟ್ತಿದ್ದ. ಈ ಕಟ್ಟಿ ಮ್ಯಾಲ ಕುಂತ ಒಬ್ಬ ಸಾಹೇಬನೂ ಬರಿಗೈಲೆ ಹೋಗಿಲ್ರಿ."

"ನಾ ಏನು ಒಯ್ಯಾಕ ಬಂದಿಲ್ಲಪಾ. ಅದು ತನ್ನ ಪಾಡಿಗೆ ಹೆಂಗ ಇರ್ತೈತೋ ನೋಡಾಕ ಬಂದೀನಿ. ಕಟ್ಟಿಹಾಕಿದ್ದು ನೋಡೋದಿದ್ರ ಮನ್ಯಾಗ ಕೋಳಿ ನೋಡ್ತಿದ್ದೆ."

ಪಂಪಣ್ಣನವರ ಕಿವಿ ಕೆಂಪಾಗಿತ್ತು. ದನಿ ಮಾತ್ರ ಏರಿರಲಿಲ್ಲ. ಗೂಟವನ್ನು ಕಟ್ಟೆಯ ಮೇಲೆ ಇಟ್ಟರು.

"ನೋಡು, ಕೆರಿಗೆ ಒಬ್ಬಾವ ಬೇಕು. ಕೆರಿ ನಿನಗ ಗೊತ್ತೈತಿ, ನಿನಗೇ ಕೊಡಬೇಕಂತ ಬಂದಿದ್ದೆ. ಈಗೂ ಕೊಡ್ತೀನಿ. ಕಾವಲು ಅಂದ್ರ ಇನ್ನ ಮ್ಯಾಲ ಇಲ್ಲಿ ಯಾರೂ ಹಕ್ಕಿ ಹಿಡಿಬಾರ್ದು, ಕಟ್ಟಬಾರ್ದು. ಉರುಳು ಹಾಕಿದಾವನ್ನ ನೀ ಹಿಡ್ಕೊಂಡು ಬರಬೇಕು. ಅದಕ್ಕ ಮೊದಲ ಈ ಇಬ್ಬರ ಮುಂದ ಒಂದು ಮಾತು ಅನ್ನು, ನಾ ಕಟ್ಟಿದ್ದು ತಪ್ಪು ಅಂತ."

ಅಯ್ಯಮ್ಮನಿಗೆ ಉಸಿರು ಬಂತು. ಒಂದು ಮಾತು. ದಿನಕ್ಕೆ ನೂರು ಮಾತು ಆಡುವ ಗಂಡಸು ಇನ್ನೊಂದು ಆಡಿದರೆ ಮುಗಿಯಿತು. "ಅನ್ನು," ಎಂದಳು.

ಹುಲಗಪ್ಪ ಅವಳನ್ನು ನೋಡಿದ. ಸಾಹೇಬರನ್ನು ನೋಡಿದ.

"ಅಂದ್ರ ಕಾವಲು ಯಾರ ಮ್ಯಾಲ್ರಿ? ನನ್ನ ಮ್ಯಾಲೇ ಏನು?"

"ಹಂಗ ಅಂದ್ಕೊ."

"ನನ್ನ ತಪ್ಪು ಅಂದ್ರ ಅಂದೇನ್ರಿ, ನಂದೇನು ಹೋಗ್ತದ. ನಮ್ಮಪ್ಪನ್ನ ಯಾಕ ತಪ್ಪು ಅನ್ಲಿ? ನಿಮ್ಮ ಹಂಗೇ ಸಾಹೇಬ್ರು ಈ ಕಟ್ಟಿ ಮ್ಯಾಲೇ ಕುಂತು ಶಾಭಾಸ್ ಅಂದಾರ. ಅವರದೂ ಇದೇ ಕಚೇರಿ. ಈ ಮೈನುದ್ದೀನನೇ ಅವರ ಬೂಟು ಹಿಡ್ಕೊಂಡು ನಿಲ್ತಿದ್ದ, ಕೇಳ್ರಿ. ಇವತ್ತ ನೀವು ಬಂದು ತಪ್ಪು ಅಂತೀರಿ. ನಾಳಿ ಮತ್ತೊಬ್ಬ ಬಂದು ಕಟ್ಟು ಅಂತಾನ. ನಾ ಎಷ್ಟು ಮಂದಿಗಿ ಏನೇನು ಅನ್ಲಿ?"

ಮೈನುದ್ದೀನ ಕೈಯಲ್ಲಿದ್ದ ಬೂಟುಗಳನ್ನು ನಿಧಾನವಾಗಿ ಕೆಳಗಿಟ್ಟ.

"ಅನ್ನೋ, ಮನಿ ಹೋಗ್ತದ," ಎಂದಳು ಅಯ್ಯಮ್ಮ.

"ಗೂಟ ಸುಟ್ಟಿ. ಹುರಿ ಕೊಯ್ದಿ. ಈಗ ಬಾಯಿನೂ ನೀನೇ ಆಡ್ಸು."

"ಕಟ್ಟಂಗಿಲ್ಲ ಅಂತ ಹೇಳಿ ಕಟ್ಟಿದಾವ ನೀನು."

"ಹೌದು, ನಾನೇ," ಎಂದ. ಎದೆಯ ಬಿಲ್ಲೆ ಬಿಚ್ಚಿದ. ಅದರ ಪಿನ್ನು ಅಂಗಿಗೆ ಸಿಕ್ಕಿಕೊಂಡು ಬರಲಿಲ್ಲ. ಜಗ್ಗಿದಾಗ ಅಂಗಿಯ ಚೂರೂ ಕಿತ್ತು ಬಂತು. ಎರಡನ್ನೂ ಕಟ್ಟೆಯ ಮೇಲೆ ಗೂಟದ ಪಕ್ಕ ಇಟ್ಟ. ಕಟ್ಟೆ ಇಳಿದ. ಮನೆಯ ಕಡೆ ಹೋಗಲಿಲ್ಲ, ದಂಡೆ ಹಿಡಿದು ಸುರಪುರದ ದಾರಿಗೆ ನಡೆದ. ಸಿಟ್ಟಿನಲ್ಲಿ ನಡೆಯುವವನ ಹಾಗೆ ನಡೆಯಲಿಲ್ಲ. ಸಂತೆಗೆ ಹೋಗುವವನ ಹಾಗೆ, ಒಂದೇ ಹದದಲ್ಲಿ, ತೋಳು ಬೀಸುತ್ತ ಹೋದ.

"ಅವನ್ನ ಕರಿಯವಾ," ಎಂದರು ಪಂಪಣ್ಣನವರು.

"ಸಿಟ್ಟು ಇಳದ್ರ ಬರ್ತಾನ್ರಿ. ರೊಟ್ಟಿ ತಿಂದಿಲ್ಲ," ಎಂದಳು ಅಯ್ಯಮ್ಮ. ಬುಟ್ಟಿಯಲ್ಲಿ ಅವನ ಪಾಲು ಬೇರೆ ಕಟ್ಟಿಟ್ಟು, ಉಳಿದದ್ದನ್ನು ಸಾಹೇಬರಿಗೂ ಮೈನುದ್ದೀನನಿಗೂ ಕೊಟ್ಟಳು. ಯಾರೂ ಸರಿಯಾಗಿ ತಿನ್ನಲಿಲ್ಲ. ಆಚೆ ದಂಡೆಯ ಸೌಟುಹಕ್ಕಿಗಳು ತಿರುಗಿ ಬಂದು ನೀರಿಗಿಳಿದು ಮೇಯತೊಡಗಿದ್ದವು. ಪಂಪಣ್ಣನವರು ದುರ್ಬೀನು ಎತ್ತಲಿಲ್ಲ.

ಸಂಜೆ ಅವಳು ಒಲೆ ಹಚ್ಚಿ, ಬೆಳಗ್ಗೆ ಅವನು ಬಿಟ್ಟುಹೋದ ಜಳಕದ ನೀರನ್ನು ಮತ್ತೆ ಕಾಯಿಸಿಟ್ಟಳು. ಕೆಸರಿನಲ್ಲಿ ತಿರುಗಿದವನು, ಬಂದ ಕೂಡಲೇ ಬೇಕಾಗುತ್ತದೆ. ನೀರು ಆರಿತು. ಮರುದಿನವೂ ಕಾಯಿಸಿದಳು, ಅದರ ಮರುದಿನವೂ. ತಹಸೀಲ ಕಚೇರಿಯಿಂದ ಮೈನುದ್ದೀನ ಬಂದು, ಸಾಹೇಬರು ಇನ್ನೂ ಕಾಯುತ್ತಿದ್ದಾರೆ, ತಪ್ಪು ಅನ್ನುವುದೂ ಬೇಡವಂತೆ, ಬಂದು ನಿಂತರೆ ಸಾಕಂತೆ ಎಂದು ಹೇಳಿ ಹೋದ. ಯಾದಗಿರಿ ಸ್ಟೇಷನ್ನಿನಲ್ಲಿ ಅವನಂಥವನೊಬ್ಬನನ್ನು ಕಂಡೆನೆಂದೂ, ಖಾತ್ರಿಯಿಲ್ಲವೆಂದೂ ಹೇಳಿದ.

ಚಳಿ ಮುಗಿದು ಹಕ್ಕಿಗಳು ಹೋದವು. ಬಸವಂತ್ರಾಯ ಸಗರದಿಂದ ಬಂಡಿ ತಂದ. ಅಯ್ಯಮ್ಮ ಹಂಡೆಯ ನೀರನ್ನು ಬಾಗಿಲ ಮುಂದೆ ಚೆಲ್ಲಿ, ಹಂಡೆಯನ್ನು ಬಂಡಿಗೆ ಹೇರಿದಳು. ಹುಲಗಪ್ಪ ಬರಲಿಲ್ಲ.